ಬೇಲಿಗೆ ಬಣ್ಣ ಹಚ್ಚಿದ್ದಕ್ಕೆ ಎಚ್‌ಒಎ ನೋಟಿಸು ಬಂದಿದೆ, ಏನು ಮಾಡಲಿ?

ಟೆಕ್ಸಸ್‌ನಲ್ಲಿ ಹೊಸದಾಗಿ ಮನೆ ಕೊಂಡಿದ್ದೀರಿ, ಹಿತ್ತಿಲ ಮರದ ಬೇಲಿಗೆ ಕಡುಬೂದು ಬಣ್ಣ ಹಚ್ಚಿಸಿದ್ದೀರಿ, ಈಗ ಎಚ್‌ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘದಿಂದ ನೋಟಿಸು ಬಂದಿದೆ. ದಂಡ ಕಟ್ಟಿ ಮುಗಿಸಲೇ, ಇಲ್ಲ ತಿಂಗಳ ಡ್ಯೂಸ್ (ಸಂಘಕ್ಕೆ ಕಟ್ಟುವ ಶುಲ್ಕ) ನಿಲ್ಲಿಸಿ ಪ್ರತಿಭಟಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ ಎಂಬುದು ನನ್ನ ಸಲಹೆ. ಡ್ಯೂಸ್ ಅಂತೂ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಬರೀ ದಂಡದ ಬಾಕಿಗಾಗಿ ಟೆಕ್ಸಸ್‌ನಲ್ಲಿ ಮನೆ ಹರಾಜು ಹಾಕುವಂತಿಲ್ಲ, ಆದರೆ ಡ್ಯೂಸ್ ಬಾಕಿ ಬಿದ್ದರೆ ಹಾಕಬಹುದು. ಸಣ್ಣ ಜಗಳವನ್ನು ನೀವಾಗಿಯೇ ದೊಡ್ಡದು ಮಾಡಿಕೊಂಡಂತಾಗುತ್ತದೆ.

ಮೊದಲು ಪತ್ರವನ್ನು ನಿಧಾನವಾಗಿ ಓದಿ. ಅಲ್ಲಿ ನಿಮ್ಮ ತಪ್ಪೇನೆಂಬ ವಿವರಣೆ ಇದೆಯೇ? ಸರಿಪಡಿಸಲು ಗಡುವು ಕೊಟ್ಟಿದ್ದಾರೆಯೇ? ಹಿಯರಿಂಗ್, ಅಂದರೆ ಸಂಘದ ಬೋರ್ಡ್ (ಆಡಳಿತ ಮಂಡಳಿ) ಎದುರು ನಿಮ್ಮ ಮಾತು ಹೇಳಿಕೊಳ್ಳುವ ವಿಚಾರಣೆ, ಕೇಳುವ ಹಕ್ಕಿನ ಮಾತಿದೆಯೇ? ಕಳಿಸಿದ್ದಕ್ಕೆ ದಾಖಲೆ ಉಳಿಯುವ ಸರ್ಟಿಫೈಡ್ ಮೇಲ್ ಅಂಚೆಯಲ್ಲಿ ಬಂದಿದೆಯೇ? ಟೆಕ್ಸಸ್ ಪ್ರಾಪರ್ಟಿ ಕೋಡ್‌ನ 209ನೇ ಅಧ್ಯಾಯದ ಪ್ರಕಾರ ದಂಡ ಹಾಕುವ ಮೊದಲು ಇವೆಲ್ಲ ಆಗಬೇಕು. ಸಾದಾ ಇಮೇಲಿನಲ್ಲೋ ಬಾಗಿಲಿಗೆ ಸಿಕ್ಕಿಸಿದ ಚೀಟಿಯಲ್ಲೋ ಬಂದಿದ್ದರೆ ಅದು ಬಹುಪಾಲು ಬರೀ ಎಚ್ಚರಿಕೆ. ಹಾಗೆಂದು ಕಡೆಗಣಿಸಬೇಡಿ. ಒಂದು ಸಲ ಸರಿಯಾದ ನೋಟಿಸು ಕೊಟ್ಟ ಮೇಲೆ ಆರು ತಿಂಗಳೊಳಗೆ ಅದೇ ತಪ್ಪು ಮತ್ತೆ ಆದರೆ, ಸರಿಪಡಿಸಲು ಅವಕಾಶ ಕೊಡದೆಯೇ ದಂಡ ಹಾಕಬಹುದು.

ಹಿಯರಿಂಗ್ ಕೇಳಲು 30 ದಿನ ಇರುತ್ತದೆ. ಲೆಕ್ಕ ಶುರುವಾಗುವುದು ಪತ್ರ ನಿಮ್ಮ ಕೈಸೇರಿದ ದಿನದಿಂದ ಅಲ್ಲ, ಅವರು ಅಂಚೆಗೆ ಹಾಕಿದ ದಿನದಿಂದ. ಹೆಚ್ಚಿನವರು ಎಡವುವುದು ಇಲ್ಲೇ. ಇವತ್ತೇ ನಾಲ್ಕು ಸಾಲು ಬರೆದು ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ, ಅದರ ಪ್ರತಿಯನ್ನು ಸಂಘದ ಕೆಲಸ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿಗೆ ಇಮೇಲ್ ಮಾಡಿ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ನಿಮ್ಮ ಕೋರಿಕೆ ತಲುಪಿದ 30 ದಿನದೊಳಗೆ ಬೋರ್ಡ್ ಹಿಯರಿಂಗ್ ನಡೆಸಬೇಕು. ಅದಕ್ಕೆ 10 ದಿನ ಮುಂಚೆ, ನಿಮ್ಮ ವಿರುದ್ಧ ಇಟ್ಟುಕೊಂಡ ಫೋಟೊ, ಪತ್ರಗಳ ಕಟ್ಟನ್ನು ನಿಮಗೆ ಕೊಡಬೇಕು. ಇದು 2021ರ ತಿದ್ದುಪಡಿ. ಕೊಡದಿದ್ದರೆ ಹಿಯರಿಂಗನ್ನು 15 ದಿನ ಮುಂದಕ್ಕೆ ಹಾಕಿಸಿಕೊಳ್ಳುವ ಹಕ್ಕು ನಿಮಗಿದೆ. ಅಲ್ಲಿ ನಡೆಯುವ ಮಾತನ್ನು ನೀವು ರೆಕಾರ್ಡ್ ಮಾಡಿಕೊಳ್ಳಲೂಬಹುದು.

ಆ ದಿನ ಬರುವುದರೊಳಗೆ ಕಾಗದಪತ್ರ ನೋಡಿ. ಕೌಂಟಿಯಲ್ಲಿ ನೋಂದಾಯಿಸಿದ, ಬಡಾವಣೆಯ ಮೂಲ ನಿಬಂಧನೆಗಳ ಪತ್ರವಾದ ಸಿಸಿ ಆ್ಯಂಡ್ ಆರ್ ಎಲ್ಲಕ್ಕಿಂತ ಮೇಲು, ಬೋರ್ಡ್ ತಾನೇ ಮಾಡಿದ ನಿಯಮಗಳು ಅದರ ಕೆಳಗೆ. ಬೇಲಿಯ ಬಣ್ಣದ ಬಗ್ಗೆ ಎಲ್ಲಿ, ಯಾವ ಮಾತಿನಲ್ಲಿ ಬರೆದಿದೆ ಎಂದು ಹುಡುಕಿ. 'ನೈಸರ್ಗಿಕ ಬಣ್ಣ' ಎಂದಷ್ಟೇ ಇದ್ದರೆ ವಾದಕ್ಕೆ ಜಾಗವಿದೆ. ಒಪ್ಪಿದ ಬಣ್ಣಗಳ ಪಟ್ಟಿಯೇ ಇದ್ದರೆ ಇಲ್ಲ. ದಂಡದ ಮೊತ್ತಗಳ ಲಿಖಿತ ನೀತಿಯನ್ನೂ ಕೇಳಿ ಪಡೆಯಿರಿ.

ಇಷ್ಟರ ಮೇಲೂ, ಬೋರ್ಡ್ ಜತೆ ವಾದಿಸುವುದಕ್ಕಿಂತ ಈಗಲಾದರೂ ಇಂಥ ಬದಲಾವಣೆಗಳನ್ನು ಒಪ್ಪುವ ಎಚ್‌ಒಎ ಸಮಿತಿಗೆ ಅನುಮತಿಗಾಗಿ ಅರ್ಜಿ ಹಾಕುವುದೇ ಜಾಣತನ. ಮನೆ ಕೊಂಡಾಗ ಸಿಕ್ಕ ಸರ್ವೆ ನಕ್ಷೆಯ ಮೇಲೆ ಬೇಲಿಯನ್ನು ಗುರುತು ಹಾಕಿ, ಉದ್ದ ಎತ್ತರ ಬರೆಯಿರಿ. ಬಣ್ಣಕ್ಕೆ ಹೆಸರಷ್ಟೇ ಸಾಲದು, ಕಂಪನಿಯ ಕೋಡ್ ಸಂಖ್ಯೆಯೂ ಬೇಕು. 'ಬೂದು' ಎಂದರೆ ಸಮಿತಿಯ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಬೂದು. ಹಗಲು ಬೆಳಕಿನಲ್ಲಿ ಬೀದಿಯಿಂದ ತೆಗೆದ ಫೋಟೊ ಸೇರಿಸಿ. ಅದೇ ಬಣ್ಣದ ಬೇಲಿ ಬಡಾವಣೆಯಲ್ಲಿ ಬೇರೆ ಮನೆಗಳಿಗೂ ಇದ್ದು ಅನುಮತಿ ಸಿಕ್ಕಿದ್ದರೆ ವಿಳಾಸ ಬರೆಯಿರಿ. ಆದರೆ ದೂರಿನ ಧಾಟಿಯಲ್ಲಿ ಬೇಡ, ನೆರೆಯವರಿಗೂ ನೋಟಿಸು ಕೊಡಿಸಿ ನಿಮಗೇನೂ ಸಿಗುವುದಿಲ್ಲ. ಅರ್ಜಿ ತಳ್ಳಿಹಾಕಿದರೆ ಕಾರಣವನ್ನು ಬರೆದೇ ತಿಳಿಸಬೇಕು, ಅದರ ಮೇಲೂ ಹಿಯರಿಂಗ್ ಕೇಳಬಹುದು.

ಬಣ್ಣ ಬದಲಿಸಲೇಬೇಕಾಗಿ ಬಂದರೆ ಒಂದು ಎಚ್ಚರ. ಪೇಂಟ್ ಬಿದ್ದ ಮರ ಪಾರದರ್ಶಕ ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಹೀರಿಕೊಳ್ಳುವುದಿಲ್ಲ. ಕಲೆ ಕಲೆಯಾಗಿ ನಿಂತು ಬೇಗ ಸುಲಿಯುತ್ತದೆ. ಒಪ್ಪಿದ ಬಣ್ಣದ ಸಾಲಿಡ್ ಸ್ಟೇನನ್ನೇ ಬಳಸಿ, ಅದು ಮೇಲೆ ಪದರವಾಗಿ ಕೂರುತ್ತದೆ. ಸಡಿಲವಾದ ಪೇಂಟನ್ನು ಮೊದಲು ಕೆರೆದು ತೊಳೆದು ಪೂರ್ತಿ ಒಣಗಿಸಿ. ಮಳೆಗಾಲವಾದರೆ ಹಿಯರಿಂಗ್‌ನಲ್ಲೇ 60 ದಿನ ಸಮಯ ಕೇಳಿ. ಇಂತಿಂಥ ದಿನ ಮುಗಿಸುತ್ತೇನೆ ಎಂದು ತಾರೀಖು ಕೊಟ್ಟು ಕೇಳಿದರೆ ಬೋರ್ಡ್‌ಗೂ ಒಪ್ಪಲು ಸುಲಭ.

ಬೇರೆ ರಾಜ್ಯದಲ್ಲಿರುವವರು ಇದನ್ನು ಓದುತ್ತಿದ್ದರೆ, ದಿನಗಳ ಲೆಕ್ಕ ನಿಮ್ಮಲ್ಲಿ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಹಿಯರಿಂಗ್‌ಗೆ ಮೊದಲೇ ತಪ್ಪು ಸರಿಪಡಿಸಿದರೆ ದಂಡವೇ ಇಲ್ಲ ಎಂದು 2025ರಲ್ಲಿ ಕಾನೂನಾಗಿದೆ.

ಎಲ್ಲ ಮುಗಿದ ಮೇಲೆ ತಾರೀಖು ಸಮೇತ ಫೋಟೊ ಕಳಿಸಿ, 'ಈ ಉಲ್ಲಂಘನೆ ಮುಕ್ತಾಯವಾಗಿದೆ' ಎಂಬ ಪತ್ರವನ್ನು ಬರಹದಲ್ಲೇ ತರಿಸಿಕೊಳ್ಳಿ. ಕಡತದಲ್ಲಿ ಅದು ತೆರೆದೇ ಉಳಿದರೆ, ಮುಂದೆ ಮನೆ ಮಾರುವಾಗ ಎಚ್‌ಒಎ ಕೊಡುವ ರೀಸೇಲ್ ಸರ್ಟಿಫಿಕೇಟ್‌ನಲ್ಲಿ ಕಾಣಿಸಿಕೊಂಡು ಕೊಳ್ಳುವವರ ಕಣ್ಣಿಗೆ ಬೀಳುತ್ತದೆ.