ನೆಟ್ಟಗೆ ಕೂತರೂ ಸೊಂಟ ನೋವು ಯಾಕೆ ಬಿಡುತ್ತಿಲ್ಲ?

ದಿನಕ್ಕೆ ಎಂಟೊಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತೇನೆ, ಬೆನ್ನು ನೆಟ್ಟಗಿಟ್ಟುಕೊಂಡರೂ ಸೊಂಟ ನೋವು ಹೋಗುತ್ತಿಲ್ಲ, ಸರಿಯಾದ ಭಂಗಿ ಯಾವುದು, ಒಳ್ಳೆಯ ಕುರ್ಚಿ ಕೊಳ್ಳಲೇ ಎಂದು ಕೇಳಿದ್ದೀರಿ. ಕುರ್ಚಿ ಸದ್ಯಕ್ಕೆ ಬೇಡ. ನೀವು ಮಾಡುತ್ತಿರುವುದನ್ನೇ ನಾನೂ ಮೂರು ತಿಂಗಳು ಮಾಡಿ ಕೈಸುಟ್ಟುಕೊಂಡವನು.

ನನಗೆ ಶುರುವಾಗಿದ್ದು ಒಂದು ಸೀನಿನಿಂದ. ಬೆಳಿಗ್ಗೆ ಎದ್ದವನೇ ಬಗ್ಗಿ ಮುಖ ತೊಳೆಯುತ್ತಿದ್ದೆ, ಸೀನು ಬಂತು, ಸೊಂಟ ಹಿಡಿದುಕೊಂಡಿತು. ಬೇಸಿನ್ನಿನ ಅಂಚು ಹಿಡಿದು ಐದು ನಿಮಿಷ ಹಾಗೇ ನಿಂತಿದ್ದೆ. ಮುಖದ ಸೋಪು ಕಣ್ಣಿಗಿಳಿಯುತ್ತಿದ್ದರೂ ನೀರೆರಚಿಕೊಳ್ಳಲು ಬಗ್ಗುವ ಧೈರ್ಯವಿಲ್ಲ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ದಪ್ಪಗಾಗುತ್ತವಂತೆ. ಸಂಜೆಗಿಂತ ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಎತ್ತರವಿರುವುದೂ ಇದರಿಂದಲೇ. ಹಾಗೆ ಬಿಗಿದುಕೊಂಡಿರುವಾಗ ಬಗ್ಗಿದರೆ ಡಿಸ್ಕ್ ಮೇಲೆ ಒತ್ತಡ ಹೆಚ್ಚು; ಎದ್ದ ಮೊದಲ ಒಂದು ಗಂಟೆ ತೀರಾ ಬಗ್ಗಬೇಡಿ ಎನ್ನುವುದು ಅದಕ್ಕೆ.

ಅಂದಿನಿಂದ ಕೋಲು ನುಂಗಿದವನ ಹಾಗೆ ಕೂರತೊಡಗಿದೆ. ಸೊಂಟಕ್ಕೆ ಬೆಲ್ಟು ಬೇರೆ. ಸಂಜೆಯಾಗುವಷ್ಟರಲ್ಲಿ ಬೆನ್ನು ಹಲಗೆಯಾಗುತ್ತಿತ್ತು. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು, “ಕೈಯನ್ನು ಭುಜದ ಮಟ್ಟಕ್ಕೆ ಚಾಚಿ ಹಿಡಿಯಿರಿ” ಎಂದರು. ಎರಡು ನಿಮಿಷಕ್ಕೆ ಭುಜ ಉರಿಯತೊಡಗಿತು. “ಕೈ ಚಾಚಿದ್ದು ತಪ್ಪಾ? ಇಳಿಸದೆ ಹಿಡಿದಿದ್ದು ತಪ್ಪು. ಬೆನ್ನಿನದೂ ಅದೇ ಗೋಳು” ಎಂದರು. ಆ ಎರಡು ನಿಮಿಷದಲ್ಲಿ ಅರ್ಥವಾದಷ್ಟು ಮೂರು ತಿಂಗಳಲ್ಲಿ ಆಗಿರಲಿಲ್ಲ.

ಆಮೇಲೆ ಓದಿ ನೋಡಿದೆ. 1999ರಲ್ಲಿ ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದವರು ಒಬ್ಬ ಸ್ವಯಂಸೇವಕನ ಡಿಸ್ಕ್ ಒಳಗೇ ಸಾಧನವಿಟ್ಟು ಒತ್ತಡ ಅಳೆದಿದ್ದರು. ಆರಾಮಾಗಿ ಒರಗಿ ಕೂತಾಗಿನ ಒತ್ತಡ, ಪ್ರಯತ್ನಪಟ್ಟು ನೆಟ್ಟಗೆ ಕೂತಾಗಿನದಕ್ಕಿಂತ ಕಡಿಮೆ ಇತ್ತು! ಒಬ್ಬನೇ ಮನುಷ್ಯನ ಲೆಕ್ಕ, ನಿಜ. ಆದರೂ ಒರಗುವುದು ಪಾಪವಲ್ಲ ಎಂದು ನನಗೆ ಧೈರ್ಯ ಬಂದದ್ದು ಅದರಿಂದ. ಇನ್ನೊಂದು ವಿಷಯ, ದೊಡ್ಡವರ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಸುತ್ತಲಿನಿಂದ ಜಿನುಗಿದ್ದೇ ಅದಕ್ಕೆ ಆಹಾರ. ಒತ್ತಿ, ಬಿಟ್ಟು, ಮತ್ತೆ ಒತ್ತುವ ಓಡಾಟ ಅದಕ್ಕೆ ಬೇಕು.

ಹಾಗಾಗಿ ನಾನೀಗ ಭಂಗಿಯ ಚಿಂತೆ ಬಿಟ್ಟು ಏಳುವ ನೆಪ ಹುಡುಕುತ್ತೇನೆ. ದೊಡ್ಡ ನೀರಿನ ಬಾಟಲಿ ತೆಗೆದು ಪುಟ್ಟ ಲೋಟ ಇಟ್ಟುಕೊಂಡೆ, ಅರ್ಧ ಗಂಟೆಗೆ ಖಾಲಿ, ಏಳಲೇಬೇಕು. ಎದ್ದಾಗ ಸೊಂಟದ ಮೇಲೆ ಕೈಯಿಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗುತ್ತೇನೆ. ಫೋನ್ ಬಂದರೆ ನಡೆದಾಡುತ್ತಲೇ ಮಾತು. (ಮೊಬೈಲ್ ಅಲಾರಂ ಪ್ರಯೋಗ ನಾಲ್ಕೇ ದಿನ ನಡೆಯಿತು, ಐದನೇ ದಿನ ನಿದ್ದೆಗಣ್ಣಲ್ಲಿ ಆರಿಸುವ ಹಾಗೆ ಆರಿಸತೊಡಗಿದೆ.) ಸಂಜೆ ಅರ್ಧ ಗಂಟೆ ನಡಿಗೆ. ಜೊತೆಗೆ ಒಂದು ವ್ಯಾಯಾಮ: ಅಂಗೈ, ಮಂಡಿ ಊರಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಎಂಟು-ಹತ್ತು ಸೆಕೆಂಡ್, ಆಮೇಲೆ ಇನ್ನೊಂದು ಬದಿ. ಸೊಂಟ ಅಲ್ಲಾಡಬಾರದು. ನೋಡಲು ಸುಲಭ, ಮೊದಲ ದಿನ ನಾನು ಪಕ್ಕಕ್ಕೆ ಉರುಳಿದ್ದೆ.

ಕುರ್ಚಿಯ ವಿಚಾರಕ್ಕೆ ಬಂದರೆ, ಪಾದ ನೆಲಕ್ಕೆ ತಾಗಬೇಕು, ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಬೇಕು, ಅಷ್ಟು ಸಾಕು. ಲ್ಯಾಪ್‌ಟಾಪ್ ಆದರೆ ಕೆಳಗೆ ನಾಲ್ಕು ದಪ್ಪ ಪುಸ್ತಕವಿಟ್ಟು ಬೇರೆ ಕೀಬೋರ್ಡ್ ಜೋಡಿಸಿ. ಬೆಲ್ಟಿಗೆ ಹಣ ಹಾಕಬೇಡಿ; ಬಹುಕಾಲದ ಸೊಂಟ ನೋವಿಗೆ ಅದನ್ನು ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಎಂಆರ್‌ಐಯಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದು ಬಂದರೂ ಕೂಡಲೇ ಎದೆಗುಂದಬೇಡಿ. 1994ರಲ್ಲಿ ಬೆನ್ನು ನೋವೇ ಇಲ್ಲದ 98 ಜನರನ್ನು ಹಾಗೆ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಉಬ್ಬು ಕಂಡಿತ್ತು.

ನನಗೆ ಗುಣ ಕಾಣಲು ಆರು ವಾರ ಹಿಡಿಯಿತು. ಈಗಲೂ ದೂರದ ಪ್ರಯಾಣ ಮಾಡಿದರೆ ಒಂದು ದಿನ ಹಿಡಿದುಕೊಳ್ಳುತ್ತದೆ, ಆಗಲೂ ಮಲಗಿಬಿಡುವುದಿಲ್ಲ, ನಿಧಾನವಾಗಿ ಓಡಾಡುತ್ತೇನೆ.

ಆದರೆ ಇದೆಲ್ಲ ಸಾಮಾನ್ಯ ನೋವಿನ ಮಾತು. ತೊಡೆ ಸಂದಿನಲ್ಲಿ ಜೋಮು, ಮೂತ್ರ ಮಲದ ಹಿಡಿತ ತಪ್ಪುವುದು, ಕಾಲಿನ ಶಕ್ತಿ ಕುಂದುವುದು, ಇವುಗಳಲ್ಲಿ ಒಂದಿದ್ದರೂ ನಾಳೆಗೆ ಬಿಡದೆ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಅಥವಾ ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವಿದ್ದರೂ ಮೊದಲು ಡಾಕ್ಟರಿಗೆ ತೋರಿಸಿ, ಪುಟ್ಟ ಲೋಟ ಆಮೇಲೆ ಹುಡುಕಿದರಾಯಿತು.