ಸ್ಟಾರ್ಟಪ್ ಸೇಲ್ಸ್ ಕೆಲಸಕ್ಕೆ ಸೇರಲಾ?

ಪ್ರಶ್ನೆ: ನಾನು ಸಹಕಾರಿ ಸಂಘದಲ್ಲಿ ಕ್ಲರ್ಕ್. ಸಂಬಳ 18,000. ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾರಲು ಮಂಗಳೂರಿನ ಸ್ಟಾರ್ಟಪ್ ಒಂದು 32,000 ಕೊಡುತ್ತದಂತೆ. ‘ನಾಳೆ ಮುಚ್ಚಿದರೆ?’ ಅನ್ನುತ್ತಾರೆ ಅಪ್ಪ. ಏನು ಮಾಡಲಿ?
– ಓದುಗ, ಬದಿಯಡ್ಕ

ಉತ್ತರ: ಅಪ್ಪನ ಭಯ ಸುಮ್ನೆ ಅಲ್ಲ. ಆದರೆ ಮೊದಲು ಆ 32,000 ಬಿಡಿಸಿ ನೋಡಿ. ಖಾತ್ರಿ ಸಂಬಳ 20,000, ಉಳಿದದ್ದು ಟಾರ್ಗೆಟ್ ಮುಟ್ಟಿದರೆ ಮಾತ್ರ ಅಂತಿದ್ದರೆ? ಕುಂಬಳೆ, ಉಪ್ಪಳ, ಮಂಜೇಶ್ವರ ಸುತ್ತುವ ಪೆಟ್ರೋಲೂ ನಿಮ್ಮದೇ ಆದರೆ ಕೈಗುಳಿಯುವುದು ಈಗಿನಷ್ಟೂ ಇಲ್ಲ. ಪೆಟ್ರೋಲ್ ಯಾರದು ಅಂತ ಕೇಳಲು ನಮ್ಮವರಿಗೆ ಯಾಕೋ ನಾಚಿಕೆ!

ನಿಮಗಿಂತ ಮುಂಚೆ ಈ ಏರಿಯಾ ನೋಡುತ್ತಿದ್ದವರು ಯಾಕೆ ಬಿಟ್ಟರು? ಅವರನ್ನೇ ಹುಡುಕಿ ಮಾತಾಡಿಸಿ. 20 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಂಪನಿ ಪಿಎಫ್ ಕಟ್ಟಲೇಬೇಕು. ಅಲ್ಲಿನ ಒಬ್ಬರ ಪಿಎಫ್ ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳು ಹಣ ಬಿದ್ದಿದೆಯಾ ನೋಡಿ. ದುಡ್ಡಿಗೆ ಕಷ್ಟಪಡುವ ಕಂಪನಿ ಮೊದಲು ತಪ್ಪಿಸುವ ಕಂತುಗಳಲ್ಲಿ ಅದೂ ಒಂದು.

ಕನ್ನಡ, ತುಳು, ಮಲಯಾಳಂ ಮೂರೂ ಬರುತ್ತದೆ ಅಲ್ವಾ? ಕಾಸರಗೋಡಿನಲ್ಲಿ ಅಂಗಡಿ ಮೆಟ್ಟಿಲು ಹತ್ತಲು ಅದು ಬೇಕೇ ಬೇಕು. ಅದನ್ನೇ ಹೇಳಿ ಖಾತ್ರಿ ಸಂಬಳ 25,000 ಕೇಳಿ. ಒಪ್ಪಿದರೆ, ಆರು ತಿಂಗಳ ಮನೆ ಖರ್ಚು ಕೈಯಲ್ಲಿದ್ದರೆ, ಹೋಗಿ. ಸಹಿ ಬಿದ್ದ ಆಫರ್ ಲೆಟರ್ ಸಿಗುವವರೆಗೆ ಸಂಘಕ್ಕೆ ರಾಜೀನಾಮೆ ಮಾತ್ರ ಬೇಡ.