ಎಫ್‌ಐಆರ್ ಐದು ವರ್ಷದ್ದಾ, ಹತ್ತು ವರ್ಷದ್ದಾ? ಎರಡೂ ಸಾಲದು

ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ರಸ್ತೆ ಬಿಟ್ಟು ಇಳಿಯುವ ವಾಹನಗಳ ಮೇಲೆ ಎಂ.ಟೆಕ್ ಪ್ರಾಜೆಕ್ಟ್, ಐದು ವರ್ಷದ ಎಫ್‌ಐಆರ್ ಸಾಕಾ, ಹತ್ತು ವರ್ಷದ್ದು ಬೇಕಾ ಅಂತ ಕೇಳಿದ್ದೀರಿ. ಅದೇ ಘಟ್ಟ, ಅದೇ ವಿಷಯ. ರಸ್ತೆ ಅಗಲ ಮಾಡುವ ಕೆಲಸ ಶುರುವಾಗುವ ಮೊದಲು ನಾನೂ ಅಲ್ಲೇ ಟೇಪು ಹಿಡಿದು ಓಡಾಡಿದವನು.

ನಾನು ಹತ್ತು ವರ್ಷದ್ದೇ ತೆಗೆದೆ. ಠಾಣೆಯ ಬೆಂಚಿನ ಮೇಲೆ ಕೂತು ಒಂದೊಂದೇ ಪಂಚನಾಮೆ ಓದಿ ಬರೆದುಕೊಂಡೆ. ಎಲ್ಲದರಲ್ಲೂ ಅದೇ ಸಾಲು: 'ಅತೀ ವೇಗ ಹಾಗೂ ನಿಷ್ಕಾಳಜಿತನದಿಂದ ವಾಹನ ಚಲಾಯಿಸಿ'. ಸರಿ, ಕಾರಣ ಸಿಕ್ಕಿತಲ್ಲ! ಚಾಲಕರ ತಪ್ಪಿನ ಮೇಲೆ ನಲವತ್ತು ಪುಟ ಬರೆದೆ. ನಾಲ್ಕು ಕೇಸ್ ಇದ್ದ ತಿರುವಿಗೆ ನಕಾಶೆಯಲ್ಲಿ ಕೆಂಪು ಬಣ್ಣ. ಅದರ ಕೆಳಗಿನ ತಿರುವಿನಲ್ಲಿ ಒಂದೂ ಕೇಸ್ ಇಲ್ಲ, ಅದಕ್ಕೆ ಹಸಿರು.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನಿಂದ ಬಂದ ಪ್ರೊಫೆಸರ್ ಒಂದೇ ಪ್ರಶ್ನೆ ಕೇಳಿದರು. "ರಸ್ತೆ ಬಿಟ್ಟವರಲ್ಲಿ ಎಷ್ಟು ಜನ ವಾಪಸ್ ಬಂದರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಸೆಮಿಸ್ಟರ್ ಹೋಯಿತು.

ತಮಾಷೆ ಅಂದ್ರೆ, ಆ ಹಸಿರು ತಿರುವಿನ ಪಕ್ಕದಲ್ಲೇ ನಾನು ದಿನಾ ಚಾ ಕುಡಿಯುತ್ತಿದ್ದ ಗೂಡಂಗಡಿ. ಸೋತು ಮತ್ತೆ ಹೋದಾಗ ಅಂಗಡಿಯ ಅಮ್ಮನನ್ನು ಕೇಳಿದೆ. "ಮಳೆಗಾಲದಲ್ಲಿ ವಾರಕ್ಕೊಂದಾದ್ರೂ ಇಳಿತು ತಮಾ. ಹಿಂದೆ ತೆಗ್ದು, ಚಾ ಕುಡ್ಕಂಡು ಹೋಗ್ತ" ಅಂದರು. ಅಂಗಡಿ ಮುಂದಿನ ಕೆಂಪು ಮಣ್ಣಿನಲ್ಲಿ ಎರಡು ಟೈರ್ ಗುರುತು ಇನ್ನೂ ಹಸಿಯಾಗಿತ್ತು. ಡಾಂಬರಿನಿಂದ ಓರೆಯಾಗಿ ಇಳಿದು, ನಾಲ್ಕೂವರೆ ಮೀಟರ್ ಹೋಗಿ, ಅಲ್ಲೇ ನಿಂತಿತ್ತು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಏನೂ ಆಗದೆ ಹಿಂದೆ ತೆಗೆದುಕೊಂಡು ಹೋದವನ ಮೇಲೆ ಎಫ್‌ಐಆರ್ ಆಗೋದಿಲ್ಲ. ಹಾಗಾಗಿ ಪೊಲೀಸ್ ಕಡತದಲ್ಲಿ ರಸ್ತೆ ಬಿಟ್ಟವರೆಲ್ಲ ಸತ್ತವರು ಇಲ್ಲವೇ ಗಾಯಗೊಂಡವರು. ಎರಡೂ ತಿರುವಿನಲ್ಲಿ ಜನ ರಸ್ತೆ ಬಿಡುತ್ತಿದ್ದರು. ಮೇಲಿನದರಲ್ಲಿ ಡಾಂಬರಿನ ಅಂಚಿಗೇ ಗೇಣುದ್ದದ ಗುಂಡಿ, ಎರಡಡಿ ಆಚೆ ದಪ್ಪ ಮತ್ತಿ ಮರ, ಮರದಾಚೆ ಕಂದಕ. ಕೆಳಗಿನದರಲ್ಲಿ ಸಮತಟ್ಟು ಜಾಗ. ವ್ಯತ್ಯಾಸ ಇದ್ದದ್ದು ರಸ್ತೆಯ ಹೊರಗೆ. ನಾನು ಚಾಲಕನ ತಲೆಯೊಳಗೆ ಹುಡುಕಿದೆ. ಹತ್ತರ ಬದಲು ಇಪ್ಪತ್ತು ವರ್ಷದ ಎಫ್‌ಐಆರ್ ತಂದಿದ್ದರೂ ಇದು ಕಾಣುತ್ತಿರಲಿಲ್ಲ.

ಇದು ಹೊಸ ವಿಷಯವೂ ಅಲ್ಲ. 1960ರ ದಶಕದಲ್ಲೇ ಅಮೆರಿಕದ ಇಲಿನಾಯ್‌ನಲ್ಲಿ ಹಚಿನ್ಸನ್ ಮತ್ತು ಕೆನಡಿ ಅನ್ನುವ ಸಂಶೋಧಕರು ಹೆದ್ದಾರಿ ನಡುವಿನ ಪಟ್ಟಿಯಲ್ಲಿ ಮೂಡಿದ ಟೈರ್ ಗುರುತು ಎಣಿಸಿದ್ದರು. ಜನರಲ್ ಮೋಟಾರ್ಸ್‌ನ ಪರೀಕ್ಷಾ ರಸ್ತೆಯಲ್ಲಿ ಪಳಗಿದ ಚಾಲಕರೇ ರಸ್ತೆ ಬಿಟ್ಟಿದ್ದರು. ಅವರಲ್ಲಿ ಸುಮಾರು 80% ಮಂದಿ 30 ಅಡಿಯೊಳಗೇ ಹತೋಟಿಗೆ ಬಂದರು. ರಸ್ತೆ ಬದಿಯಲ್ಲಿ ಖಾಲಿ ಜಾಗ ಬಿಡಬೇಕು ಅನ್ನುವ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಘಟ್ಟದಲ್ಲಿ ಅಷ್ಟು ಜಾಗ ಎಲ್ಲಿಂದ ತರೋದು, ಅದು ಬೇರೆ ಮಾತು. ಅಲ್ಲಿ ತಡೆಗೋಡೆ ಬೇಕು. ಆದರೆ ಅದಕ್ಕೆ ಗುದ್ದುವುದು ಆಚೆ ಬೀಳುವುದಕ್ಕಿಂತ ಮೇಲು ಅನ್ನುವ ಕಡೆ ಮಾತ್ರ. ತಡೆಗೋಡೆಯಾಗಿ ಹಾಕುವ ಕಬ್ಬಿಣದ ಪಟ್ಟಿಯ ಮೊಂಡು ತುದಿಗೆ ಗುದ್ದಿದರೆ ಅದು ಕಾರಿನೊಳಗೇ ನುಗ್ಗಬಹುದು, ತುದಿಯನ್ನೂ ನೋಡಿ.

2025ರ ಜನವರಿ 22ರಂದು ಯಲ್ಲಾಪುರದ ಗುಳ್ಳಾಪುರದ ಹತ್ತಿರ ತರಕಾರಿ ಲಾರಿ ಬಿದ್ದು 10 ಜನ ಸತ್ತರು. ಇನ್ನೊಂದು ವಾಹನಕ್ಕೆ ಜಾಗ ಬಿಡಲು ಎಡಕ್ಕೆ ಸರಿದಿದ್ದ ಲಾರಿ ಅದು. ಕಂದಕದ ಕಡೆ ಗೋಡೆ ಇರಲಿಲ್ಲ. ಇದರಲ್ಲಿ 'ನಿಷ್ಕಾಳಜಿತನ' ಅನ್ನುವ ಪದದಿಂದ ನಿಮಗೆ ಏನು ಗೊತ್ತಾಗುತ್ತದೆ?

ಎಫ್‌ಐಆರ್ ಒಂದೆರಡು ವರ್ಷದ್ದು ಇಟ್ಟುಕೊಳ್ಳಿ, ಜಾಗ ಗುರುತಿಸಲು ಸಾಕು. ಜೂನ್ ಮೊದಲ ಮಳೆ ಬಿದ್ದ ಮೇಲೆ ಕೊಡೆ, ಟೇಪು ಹಿಡಿದು ಬೆಳಿಗ್ಗೆ ಬೇಗ ಹೋಗಿ, ರಸ್ತೆ ಬದಿಯ ಟೈರ್ ಗುರುತು ಎಣಿಸಿ, ಅಳೆಯಿರಿ. ಎಂಟು ಗಂಟೆ ಆಯಿತೆಂದರೆ ಬಸ್ಸುಗಳು ಗುರುತನ್ನೆಲ್ಲ ತುಳಿದು ಹಾಕುತ್ತವೆ.